ಬುಸುಗುಡುವ ಗೋಸುಂಬೆಯನ್ನು ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ. ಏಪ್ರಿಲ್ ರಜೆಯಲ್ಲಿ ಕಡೂರಿನ ನಂಟರ ಮನೆಗೆ ಹೋಗಿದ್ದಾಗ ಅಲ್ಲಿಯ ತೋಟದ ಬೇಲಿಯಲ್ಲಿ ಒಂದು ಗೋಸುಂಬೆ ಕಂಡಿತು. ಜೊತೆಗಿದ್ದ ಹುಡುಗರು ಹಿಡಿದುಕೊಟ್ಟರು. ನಾನು ಎಷ್ಟು ಬೇಡವೆಂದರೂ ಕೇಳದೆ, ಚಪ್ಪಲಿಯ ಡಬ್ಬಿಗೆ ತೂತು ಕೊರೆದು, ಅದರಲ್ಲಿಟ್ಟು ಚಾರ್ಮಾಡಿ ಘಾಟಿ ಇಳಿಸಿ ತಂದೇಬಿಟ್ಟ. ಬಿಜೈಯಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಹಿಂದೆ ಮೀನು ಸಾಕಿದ್ದ ಗಾಜಿನ ತೊಟ್ಟಿಯಲ್ಲಿ ಅದನ್ನು ಇಟ್ಟಿದ್ದಾನೆ. ಮೊದಲ ವಾರ ಸುಮ್ಮನಿತ್ತು, ಕೈ ಮೇಲೂ ಕೂರುತ್ತಿತ್ತು. ಈಗ ಹತ್ತಿರ ಹೋದರೆ ಸಾಕು, ಮೈ ಉಬ್ಬಿಸಿ ಕಪ್ಪಾಗುತ್ತದೆ, ಬಾಯಿ ಅಗಲಿಸಿ ಬುಸುಗುಡುತ್ತದೆ. ಕಳೆದ ವಾರ ಅವನ ಹೆಬ್ಬೆರಳು ಕಚ್ಚಿ ರಕ್ತ ಬಂತು. ಬೂತಾಯಿ ಮೀನಿನ ಚೂರು, ಬಾಳೆಹಣ್ಣು ಇಟ್ಟರೆ ಮುಟ್ಟುವುದಿಲ್ಲ. ಮಿಡತೆ ಬಿಟ್ಟರೆ ಒಮ್ಮೊಮ್ಮೆ ತಿನ್ನುತ್ತದೆ.

ಅದು ವಿಷದ ಪ್ರಾಣಿ, ಇಂಜೆಕ್ಷನ್ ಕೊಡಿಸಲೇಬೇಕು ಎಂದು ಅತ್ತೆ ಹೇಳುತ್ತಿದ್ದಾರೆ. ಮಗಳಿಗೆ ಇನ್ನೂ ನಾಲ್ಕು ವರ್ಷ, ಅವಳೂ ತೊಟ್ಟಿಯ ಪಕ್ಕವೇ ಆಡುತ್ತಾಳೆ. ನನ್ನ ಗಂಡ ಮಸ್ಕತ್‌ನಲ್ಲಿದ್ದಾರೆ. ನಾಯಿ ಬೇಕೆಂದು ಮಗನದು ಬಹಳ ದಿನದ ಹಟ. ಫ್ಲ್ಯಾಟಿನ ಸಂಘದವರು ಬಿಡುವುದಿಲ್ಲ ಎಂದಿದ್ದರಿಂದ ಆಸೆ ಅಲ್ಲಿಗೇ ನಿಂತಿತು. ದಿನಾ ಕೈಯಲ್ಲಿ ಹಿಡಿದರೆ ಪಳಗುತ್ತದೆ ಎಂದು ಯಾವುದೋ ವಿಡಿಯೊ ನೋಡಿ, ಅದು ಬುಸುಗುಟ್ಟಿದಷ್ಟೂ ಹಿಡಿಯಲು ಹೋಗುತ್ತಾನೆ. ಅದಕ್ಕೆ ತಾನೆಂದರೆ ಆಗುವುದಿಲ್ಲ ಎಂದು ಒಂದು ರಾತ್ರಿ ಅತ್ತುಬಿಟ್ಟ. ಅದರ ಸಿಟ್ಟನ್ನು ಇಳಿಸಿ ಪಳಗಿಸುವುದು ಹೇಗೆ? ಆಗದಿದ್ದರೆ ಕದ್ರಿ ಪಾರ್ಕಿನಲ್ಲಿ ಬಿಟ್ಟು ಬರಲೇ?

— ಹೆಸರು ಬೇಡ, ಬಿಜೈ, ಮಂಗಳೂರು

ಉತ್ತರ: ಮೊದಲು ಹೆಬ್ಬೆರಳಿನ ವಿಷಯ ಮುಗಿಸೋಣ, ಏಕೆಂದರೆ ಮನೆಯಲ್ಲಿ ನಿದ್ದೆ ಕೆಡಿಸಿರುವುದು ಅದೇ. ಗೋಸುಂಬೆಗೆ ವಿಷವಿಲ್ಲ. ಅದರ ಬಾಯಲ್ಲಿ ವಿಷದ ಹಲ್ಲೂ ಇಲ್ಲ, ಉಸಿರಿನಲ್ಲಿ ವಿಷವೂ ಇಲ್ಲ. ಹುಚ್ಚುನಾಯಿ ರೋಗ ಬರುವುದು ಸಸ್ತನಿಗಳಿಂದ, ಹಲ್ಲಿ-ಓತಿಗಳಿಂದಲ್ಲ. ಹಾಗಾಗಿ ಆ ಇಂಜೆಕ್ಷನ್ನೂ ಬೇಡ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ಅರ್ಧ ಕೆಲಸ ಆಯಿತು. ರಕ್ತ ಬಂದಿರುವುದರಿಂದ, ಅವನ ಟೆಟನಸ್ ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದು ನಿಮ್ಮ ಡಾಕ್ಟರರನ್ನು ಒಮ್ಮೆ ಕೇಳಿ. ಬೆರಳು ಊದಿದರೆ, ಕೆಂಪಾಗಿ ಬಿಸಿಯಾದರೆ ತೋರಿಸಿ. ಅತ್ತೆಯವರಿಗೆ ಇಷ್ಟನ್ನು ಸಮಾಧಾನವಾಗಿ ಹೇಳಿ. ಅವರ ಹೆದರಿಕೆ ಸುಳ್ಳಾದರೂ ಕಾಳಜಿ ಸುಳ್ಳಲ್ಲ.

ಚಿಕ್ಕ ಮಗಳ ವಿಷಯದಲ್ಲಿ ಮಾತ್ರ ನಿಜವಾದ ಎಚ್ಚರ ಬೇಕು. ಸರೀಸೃಪಗಳ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಪ್ರಾಣಿಗೆ ಅದರಿಂದ ತೊಂದರೆ ಆಗದೇ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಜೋರು ವಾಂತಿಭೇದಿ ತರಬಲ್ಲದು. ತೊಟ್ಟಿಯನ್ನು ಅವಳ ಕೈಗೆ ಸಿಗದ ಕೋಣೆಗೆ ಇವತ್ತೇ ಸಾಗಿಸಿ. ತೊಟ್ಟಿ ತೊಳೆಯುವುದು ಅಡುಗೆಮನೆಯ ಸಿಂಕಿನಲ್ಲಿ ಬೇಡವೇ ಬೇಡ.

ಇನ್ನು ಆ ಪ್ರಾಣಿ ನಿಜವಾಗಿಯೂ ಗೋಸುಂಬೆಯೇ ಎಂದು ಖಚಿತ ಮಾಡಿಕೊಳ್ಳಿ. ನಮ್ಮಲ್ಲಿ ಬೇಲಿಯ ಮೇಲೆ ಕೂತು ತಲೆಯಾಡಿಸುವ ಓತಿಕ್ಯಾತವನ್ನೂ ಅನೇಕರು ಗೋಸುಂಬೆ ಎಂದೇ ಕರೆಯುತ್ತಾರೆ. ಗಂಡು ಓತಿಯ ಕುತ್ತಿಗೆ ಕೆಂಪೇರುವುದನ್ನು ಕಂಡು ಬಣ್ಣ ಬದಲಿಸುವ ಪ್ರಾಣಿ ಇದೇ ಎಂದುಕೊಳ್ಳುವುದು ಸಹಜ. ಆದರೆ ಓತಿ ಚುರುಕು, ಸರಕ್ಕನೆ ಓಡುತ್ತದೆ. ಗೋಸುಂಬೆ ಗಾಳಿಗೆ ಎಲೆ ಅಲ್ಲಾಡಿದಂತೆ ಹಿಂದೆ ಮುಂದೆ ತೂಗುತ್ತ ಒಂದೊಂದೇ ಹೆಜ್ಜೆ ಇಡುತ್ತದೆ. ಅದರ ಮೈ ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆ, ತಲೆಯ ಮೇಲೆ ಟೊಪ್ಪಿಯಂಥ ಏರು, ಬಾಲ ಸುರುಳಿ. ಪ್ರತಿ ಕಾಲಿನ ಐದು ಬೆರಳೂ ಎರಡು ಗುಂಪಾಗಿ ಕೂಡಿಕೊಂಡು ಗೆಲ್ಲನ್ನು ಇಕ್ಕುಳದಲ್ಲಿ ಹಿಡಿದಂತೆ ಹಿಡಿಯುತ್ತವೆ. ಒಂದು ಕಣ್ಣು ಮುಂದೆ ನೋಡುವಾಗ ಇನ್ನೊಂದು ಹಿಂದೆ ನೋಡುತ್ತಿರುತ್ತದೆ. ನೀವು ಬರೆದ ಲಕ್ಷಣ, ತಂದ ಊರು ಎರಡನ್ನೂ ಸೇರಿಸಿ ನೋಡಿದರೆ ಅದು ಗೋಸುಂಬೆಯೇ ಇರಬೇಕು. ಜಗತ್ತಿನಲ್ಲಿ ಇವುಗಳ ಪ್ರಭೇದ ಇನ್ನೂರಕ್ಕೂ ಹೆಚ್ಚು, ಅರ್ಧದಷ್ಟು ಮಡಗಾಸ್ಕರ್ ಒಂದರಲ್ಲೇ ಇವೆ. ಇಡೀ ಭಾರತದಲ್ಲಿ ಸಹಜವಾಗಿ ಇರುವುದು ಒಂದೇ ಒಂದು. ಕೆಮಲಿಯೋ ಝೈಲಾನಿಕಸ್ ಎಂದು 1768ರಲ್ಲಿ ಹೆಸರು ಪಡೆದ ಆ ಪ್ರಾಣಿ ಈಗ ನಿಮ್ಮ ಮೀನಿನ ತೊಟ್ಟಿಯಲ್ಲಿದೆ.

ಅದರ ಸಿಟ್ಟಿನ ಮಾತಿಗೆ ಬರುತ್ತೇನೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೈ ಉಬ್ಬಿಸುವುದು, ಕಪ್ಪಾಗುವುದು, ಬಾಯಿ ಅಗಲಿಸುವುದು, ಬುಸುಗುಡುವುದು, ಕೊನೆಗೆ ಕಚ್ಚುವುದು: ಈ ಅನುಕ್ರಮ ಬೇಟೆಗೆ ಸಿಕ್ಕಿಕೊಂಡ ಪ್ರಾಣಿಯದು. ಗೋಸುಂಬೆಗೆ ಓಡಲು ಬಾರದು. ಅದರ ಮೊದಲ ಉಪಾಯ ಕಾಣದಂತೆ ಇರುವುದು. ಕಂಡುಬಿಟ್ಟರೆ ಗೆಲ್ಲಿನ ಆಚೆ ಬದಿಗೆ ಸರಿದು ಮರೆಯಾಗುವುದು. ಎರಡೂ ಆಗದಿದ್ದಾಗ ಇರುವುದಕ್ಕಿಂತ ದೊಡ್ಡದಾಗಿ ಕಾಣಿಸಿಕೊಂಡು ಹೆದರಿಸಲು ನೋಡುತ್ತದೆ. ಕಚ್ಚುವುದು ಎಲ್ಲಕ್ಕಿಂತ ಕಡೆಯದು, ಬೇರೆ ಯಾವ ದಾರಿಯೂ ಉಳಿಯದಿದ್ದಾಗ. ನಿಮ್ಮ ಮಗನ ಕೈ ತಲುಪುವ ಮೊದಲು ಅದು ಅಷ್ಟು ಬಾರಿ ಬೇಡವೆಂದು ಹೇಳಿದೆ. ಆ ಭಾಷೆ ಅವನಿಗೆ ಓದಲು ಬರಲಿಲ್ಲ, ಅಷ್ಟೆ.

ಬಣ್ಣದ ಬಗ್ಗೆಯೂ ಅವನಿಗೆ ಹೇಳಿ, ಅವನಿಗೆ ಇಷ್ಟವಾಗುತ್ತದೆ. ಕೂತ ಜಾಗದ ಬಣ್ಣಕ್ಕೆ ತಕ್ಕಂತೆ ಮೈಬಣ್ಣ ಬದಲಿಸುತ್ತದೆ ಎಂಬುದು ಎಲ್ಲರ ನಂಬಿಕೆ. ಬದಲಾವಣೆಯ ಮುಖ್ಯ ಕಾರಣ ಬೇರೆ. ಬಿಸಿಲು ಬೇಕಾದಾಗ ಕಪ್ಪಾಗಿ ಶಾಖ ಹೀರಿಕೊಳ್ಳುತ್ತದೆ, ನಿದ್ದೆಯಲ್ಲಿ ತಿಳಿಯಾಗುತ್ತದೆ, ಎದುರಾಳಿ ಬಂದರೆ, ಹೆದರಿದರೆ, ಹೆಣ್ಣಿಗೆ ಗಂಡು ಬೇಡವಾದರೆ ಒಂದೊಂದು ಬಣ್ಣ ತಾಳುತ್ತದೆ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಚರ್ಮದೊಳಗೆ ಸೂಕ್ಷ್ಮ ಹರಳುಗಳ ಜಾಲರಿ ಇದೆ, ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ ಆದಂತೆ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ನಿಮ್ಮ ತೊಟ್ಟಿಯಲ್ಲಿ ಹಗಲಿಡೀ ಕಾಣುವ ಆ ಕಪ್ಪು, ಅದರ ಮನಸ್ಸಿನ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದೆ.

ಹಾಗಾದರೆ ಮೊದಲ ವಾರ ಸುಮ್ಮನಿದ್ದದ್ದು ಏಕೆ? ಒಗ್ಗಿಕೊಂಡಿದ್ದರಿಂದ ಅಲ್ಲ. ಹಿಡಿದು, ಕತ್ತಲ ಡಬ್ಬಿಯಲ್ಲಿ ಘಾಟಿಯ ತಿರುವುಗಳಲ್ಲಿ ಕುಲುಕಿಸಿ ತಂದ ಪ್ರಾಣಿ ನಿತ್ರಾಣವಾಗಿತ್ತು. ಕೈ ಮೇಲೆ ಕೂತದ್ದು ಹಿಡಿಯಲು ಅಲ್ಲಿ ಬೇರೇನೂ ಇಲ್ಲದ್ದರಿಂದ. ಸ್ವಲ್ಪ ಶಕ್ತಿ ಬಂದ ಮೇಲೆ ಪ್ರತಿಭಟಿಸಲು ತೊಡಗಿದೆ. ಅದರ ಮೇಲೆ ಗಾಜಿನ ತೊಟ್ಟಿ. ಗೋಸುಂಬೆ ಒಂಟಿಯಾಗಿ ಬದುಕುವ ಜೀವಿ, ಇನ್ನೊಂದು ಗೋಸುಂಬೆಯನ್ನು ತನ್ನ ಜಾಗದಲ್ಲಿ ಸಹಿಸುವುದಿಲ್ಲ. ಗಾಜಿನಲ್ಲಿ ಅದಕ್ಕೆ ತನ್ನದೇ ಪ್ರತಿಬಿಂಬ ಕಾಣುತ್ತದೆ. ಅದು ತಾನೆಂದು ಅದಕ್ಕೆ ತಿಳಿಯದು. ಎದುರಾಳಿಯೊಬ್ಬ ಬೆಳಗಿನಿಂದ ಸಂಜೆಯವರೆಗೆ ಎದುರೇ ನಿಂತಿದ್ದಾನೆ, ಎಲ್ಲಿ ಸರಿದರೂ ಹೋಗುವುದಿಲ್ಲ. ತೊಟ್ಟಿಗೆ ಕೈ ಹಾಕುವುದೋ ಮೇಲಿನಿಂದ. ಕಾಡಿನಲ್ಲಿ ಮೇಲಿನಿಂದ ಎರಗುವುದು ಗಿಡುಗ, ಹದ್ದು, ಕಾಗೆ. ಎರಡೂ ಕಣ್ಣು ಬೇರೆಬೇರೆಯಾಗಿ ತಿರುಗಿಸಿ ಸುತ್ತಲಿನದನ್ನೆಲ್ಲ ನೋಡಬಲ್ಲ ಆ ಪ್ರಾಣಿಗೆ ನಿಮ್ಮ ಮಗನ ಕೈ ಗೊತ್ತಾಗದೆ ಬಂದದ್ದು ಎಂದೂ ಇಲ್ಲ. ಪ್ರತಿ ಸಲವೂ ಸಾವು ಬರುವುದನ್ನು ಕಂಡೇ ಅದು ಬಾಯಿ ತೆರೆದಿದೆ.

ಪಳಗಿಸಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸಮಾಧಾನ ಕೊಡಲಿಕ್ಕಿಲ್ಲ. ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಬದುಕಿ ಬಂದದ್ದು. ನೇವರಿಸಿದರೆ ಅದಕ್ಕೆ ಹಿತ. ಗೋಸುಂಬೆಯ ಬದುಕಿನಲ್ಲಿ ಮುಟ್ಟುವುದಕ್ಕೆ ಸಂದರ್ಭಗಳೇ ಕಡಿಮೆ: ಕೂಡುವುದು, ಕಾದಾಡುವುದು, ಇನ್ನೊಂದಕ್ಕೆ ಆಹಾರವಾಗುವುದು. ಸಾಕಿದ ವಿದೇಶಿ ಗೋಸುಂಬೆಗಳಲ್ಲಿ ಕೆಲವು ವರ್ಷಗಟ್ಟಲೆ ಒಬ್ಬರದೇ ಕೈಯಿಂದ ಹುಳು ತಿಂದು ಆ ಕೈಯನ್ನು ಸಹಿಸುವುದಕ್ಕೆ ಕಲಿಯುತ್ತವೆ. ಸಹಿಸುವುದಕ್ಕಿಂತ ಆಚೆಗೆ ಅದು ಹೋಗುವುದಿಲ್ಲ. ಬೇಲಿಯಿಂದ ಹಿಡಿದು ತಂದ ಬೆಳೆದ ಪ್ರಾಣಿಯನ್ನು ದಿನಾ ಹಿಡಿದು ಅಭ್ಯಾಸ ಮಾಡಿಸುತ್ತೇನೆ ಎಂದರೆ ದಿನಾ ಅದನ್ನು ಒಂದು ಸಲ ಸಾಯಿಸಿದ ಹಾಗೆ.

ಇದರಲ್ಲಿ ನನಗೆ ಬಹಳ ಕಳವಳ ತರುವ ಸಂಗತಿ ಇನ್ನೊಂದು. ನಿಮ್ಮ ಮಗ ಅದು ಬುಸುಗುಡುವುದು ನಿಲ್ಲುವ ದಿನಕ್ಕಾಗಿ ಕಾಯುತ್ತಿದ್ದಾನೆ. ಆ ದಿನ ಬಂದೇಬರಬಹುದು. ಆದರೆ ಅದು ಪಳಗಿದ ದಿನ ಆಗಿರಲಿಕ್ಕಿಲ್ಲ, ಸೋತ ದಿನ ಆಗಿರಬಹುದು. ಗೋಸುಂಬೆಗೆ ಬಿಸಿಲಿನ ಅತಿನೇರಳೆ ಕಿರಣ ಮೈಗೆ ನೇರ ತಾಗಬೇಕು, ಆಗಷ್ಟೇ ಡಿ3 ವಿಟಮಿನ್ ತಯಾರಾಗಿ ಸುಣ್ಣದಂಶ ಮೂಳೆಗೆ ಸೇರುತ್ತದೆ. ಕಿಟಕಿಯ ಗಾಜು, ತೊಟ್ಟಿಯ ಗಾಜು ಆ ಕಿರಣದ ಬಹುಪಾಲನ್ನು ತಡೆದುಬಿಡುತ್ತವೆ. ಏಪ್ರಿಲಿನಿಂದ ಹಾಗೇ ಇದೆ ಎಂದರೆ ಮೂಳೆ ಮೆತ್ತಗಾಗಲು ತೊಡಗಿರಬಹುದು. ಈಗ ಮಳೆಗಾಲ, ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು, ಆಟಿ ತಿಂಗಳಿನಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಮಲೆನಾಡಲ್ಲ, ಒಣ ಬಯಲುಸೀಮೆ. ಕುರುಚಲು ಗಿಡ, ಬೇಲಿ, ಒಣ ಗಾಳಿ, ಕಣ್ಣು ಕುಕ್ಕುವ ಬಿಸಿಲು ಆ ಪ್ರಾಣಿಗೆ ಒಗ್ಗಿದ ಜಗತ್ತು. ಕಾಲು ಸೊಟ್ಟಗಾದಂತೆ ಕಂಡರೆ, ಗೆಲ್ಲನ್ನು ಹಿಡಿಯಲಾಗದೆ ಜಾರಿದರೆ, ಕಣ್ಣು ಗುಳಿಬಿದ್ದರೆ, ಹಗಲಿನಲ್ಲೂ ಕಣ್ಣು ಮುಚ್ಚಿ ಕೂತರೆ, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕೇಸರಿ ಬಣ್ಣಕ್ಕೆ ತಿರುಗಿದರೆ ಅದು ಕಾಯಿಲೆ ಬಿದ್ದಿದೆ ಅಥವಾ ನೀರಿಲ್ಲದೆ ಬಳಲಿದೆ. ಬುಸುಗುಡುವ ಶಕ್ತಿ ಇನ್ನೂ ಇದೆ ಎಂಬುದು ಸದ್ಯಕ್ಕೆ ಒಳ್ಳೆಯ ಸುದ್ದಿ.

ಹೆಣ್ಣಾಗಿದ್ದರೆ ಇನ್ನೊಂದು ಸಾಧ್ಯತೆಯೂ ಉಂಟು. ಮೊಟ್ಟೆ ಹೊತ್ತ ಗೋಸುಂಬೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಇಡುವ ಹೊತ್ತಿಗೆ ಗಿಡದಿಂದ ಇಳಿದು ನೆಲ ಅಗೆದು ಗುಂಡಿಯಲ್ಲಿ ಮೊಟ್ಟೆಗಳನ್ನಿಟ್ಟು ಮುಚ್ಚುತ್ತದೆ. ಅಗೆಯಲು ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಪ್ರಾಣಕ್ಕೆ ಕುತ್ತಾಗಬಹುದು. ಹೊಟ್ಟೆ ಉಬ್ಬಿದೆ, ತಿನ್ನುವುದು ಬಿಟ್ಟಿದೆ, ತೊಟ್ಟಿಯ ತಳದಲ್ಲಿ ಕೆರೆಯುತ್ತ ಅಲೆಯುತ್ತಿದೆ ಎಂದಾದರೆ ಒಂದು ದಿನವೂ ಕಾಯಬೇಡಿ.

ಈಗ ನೀವು ಕೇಳದೇ ಇದ್ದರೂ ನಾನು ಹೇಳಲೇಬೇಕಾದ ವಿಷಯ. ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಆ ಕಾಯ್ದೆಯ ಲೆಕ್ಕದಲ್ಲಿ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಬೇಟೆಯೇ. ಹಾಗೆ ಹಿಡಿದ ಪ್ರಾಣಿ ಸರ್ಕಾರದ ಸ್ವತ್ತು. ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕೆಂದು 39ನೇ ಸೆಕ್ಷನ್ ಹೇಳುತ್ತದೆ. ಶಿಕ್ಷೆ ದಂಡದಿಂದ ಜೈಲಿನವರೆಗೆ ಹೋಗಬಹುದು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಪಂಜರದಲ್ಲಿ ಗಿಳಿ ಸಾಕುವ ಎಷ್ಟೋ ಮನೆಗಳಿಗೂ ಇದೇ ಕಾಯ್ದೆ ಅನ್ವಯಿಸುತ್ತದೆ, ಅವರಿಗೂ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಇಟ್ಟುಕೊಳ್ಳುವುದು ಬೇರೆ ಮಾತು. ಹಾಗಾಗಿ ಪಳಗಿಸುವ ಉಪಾಯಗಳನ್ನು ನಾನು ನಿಮಗೆ ಹೇಳಿಕೊಡುವುದಿಲ್ಲ. ಆ ಪ್ರಾಣಿಯನ್ನು ಒಪ್ಪಿಸಿಬಿಡಿ.

ಯಾರಿಗೆ? ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಅಥವಾ ಮಂಗಳೂರು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ. ಇದ್ದದ್ದನ್ನು ಇದ್ದಂತೆ ಹೇಳಿ: ಮಗ ತಿಳಿಯದೆ ತಂದ, ಈಗ ತಿಳಿಯಿತು, ಒಪ್ಪಿಸುತ್ತಿದ್ದೇವೆ. ರಸ್ತೆ ಬದಿಯಲ್ಲಿ ಸಿಕ್ಕಿತು ಎಂದು ಕಥೆ ಕಟ್ಟಬೇಡಿ. ಆ ಸುಳ್ಳಿನಿಂದ ಪ್ರಾಣಿಗೇ ನಷ್ಟ, ಏಕೆಂದರೆ ಅದನ್ನು ಎಲ್ಲಿಂದ ಹಿಡಿದದ್ದೆಂಬುದು ಅಧಿಕಾರಿಗಳಿಗೆ ತಿಳಿಯಲೇಬೇಕು. ಚಿಕಿತ್ಸೆಯ ನಂತರ ಅದನ್ನು ತನ್ನದೇ ಜಾಗಕ್ಕೆ ಮುಟ್ಟಿಸುವುದು ಎಲ್ಲಕ್ಕಿಂತ ಒಳ್ಳೆಯದು. ಕಡೂರಿನ ಯಾವ ಹಳ್ಳಿ, ಯಾವ ತೋಟ, ಯಾವ ಬೇಲಿ ಎಂದು ಮಗನಿಂದಲೇ ಒಂದು ಚೀಟಿಯಲ್ಲಿ ಬರೆಸಿ ಜೊತೆಗೆ ಕೊಡಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಪರಿಚಯದ ವಕೀಲರನ್ನೋ, ಇಲಾಖೆಯ ಜೊತೆ ಕೆಲಸ ಮಾಡುವ ಉರಗ ರಕ್ಷಕರನ್ನೋ ಕರೆದುಕೊಂಡು ಹೋಗಿ. ಸಿಕ್ಕಿಬೀಳುವುದಕ್ಕೂ ತಾನಾಗಿ ಹೋಗಿ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ಎಲ್ಲ ಕಚೇರಿಗಳಲ್ಲೂ ಅರ್ಥವಾಗುತ್ತದೆ.

ಕದ್ರಿ ಪಾರ್ಕಿನಲ್ಲಿ ಬಿಡುವ ಯೋಚನೆ ಕೈಬಿಡಿ. ಬಿಟ್ಟರೆ ಬಿಡುಗಡೆ ಆಯಿತೆಂದು ನಮಗೆ ಅನಿಸುತ್ತದೆ. ಬಳಲಿದ ಮೈ, ತನ್ನದಲ್ಲದ ಹವೆ, ಗುರುತಿಲ್ಲದ ಮರಗಳು, ಮೇಲೆ ಕಾಗೆ-ಹದ್ದುಗಳು, ಕೆಳಗೆ ಬೆಕ್ಕು-ನಾಯಿಗಳು, ಸುತ್ತ ವಾಹನ. ಗೋಸುಂಬೆ ರಸ್ತೆ ದಾಟುವ ವೇಗವನ್ನು ಒಮ್ಮೆ ಊಹಿಸಿಕೊಳ್ಳಿ. ಪಿಲಿಕುಳದ ಕಾಡಂಚಿನಲ್ಲಿ ಗುಟ್ಟಾಗಿ ಬಿಡುವುದೂ ಅಷ್ಟೇ ತಪ್ಪು.

ಒಪ್ಪಿಸುವವರೆಗೆ ಒಂದೆರಡು ದಿನ ಹಿಡಿಯಬಹುದು. ಆ ಹೊತ್ತಿಗೆ ಬೇಕಾದದ್ದು ಇಷ್ಟು. ಗಾಜಿನ ತೊಟ್ಟಿಯಿಂದ ಹೊರತೆಗೆದು, ಗಾಳಿಯಾಡುವ ದೊಡ್ಡ ಬುಟ್ಟಿಗೆ ಹಾಕಿ. ಬಟ್ಟೆ ತುಂಬುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಆದೀತು, ಬಾಯಿಗೆ ಸೊಳ್ಳೆಪರದೆ ಕಟ್ಟಿ. ಒಳಗೆ ಅದರ ಕಾಲಿನ ಹಿಡಿತಕ್ಕೆ ಬರುವಷ್ಟು ದಪ್ಪದ ಗೆಲ್ಲುಗಳನ್ನು ಓರೆಯಾಗಿ ನಿಲ್ಲಿಸಿ, ದಾಸವಾಳದ ಎಲೆ ತುಂಬಿದ ಒಂದು ಕೊಂಬೆ ಇಡಿ. ಅದಕ್ಕೆ ಅಡಗಿಕೊಳ್ಳಲು ಜಾಗ ಸಿಗಬೇಕು. ಕಾಣದಂತೆ ಕೂರಲು ಸಾಧ್ಯವಾದ ಕೂಡಲೇ ಅರ್ಧ ಬುಸುಗುಡುವಿಕೆ ನಿಂತುಹೋಗುತ್ತದೆ. ಬುಟ್ಟಿಯನ್ನು ನೆಲದ ಮೇಲಿಡದೆ ಎತ್ತರದಲ್ಲಿ, ಜನ ಓಡಾಡದ ಮೂಲೆಯಲ್ಲಿ ಇಡಿ. ತನಗಿಂತ ಕೆಳಗೆ ಓಡಾಡುವವರಿಗೆ ಅದು ಅಷ್ಟಾಗಿ ಹೆದರುವುದಿಲ್ಲ.

ನೀರನ್ನು ಬಟ್ಟಲಲ್ಲಿಟ್ಟರೆ ಬಾಯಾರಿ ಸತ್ತೀತೇ ಹೊರತು ಅದು ನೀರೆಂದು ಗುರುತಿಸಲಿಕ್ಕಿಲ್ಲ. ಕಾಡಿನಲ್ಲಿ ಅದು ಕುಡಿಯುವುದು ಎಲೆಯ ಮೇಲಿನ ಹನಿ. ದಿನಕ್ಕೆ ಎರಡು ಮೂರು ಸಲ ಎಲೆಗಳ ಮೇಲೆ ನುಣ್ಣಗೆ ನೀರು ಚಿಮುಕಿಸಿ, ಮುಖಕ್ಕೆ ಹೊಡೆಯಬೇಡಿ, ಬುಟ್ಟಿಯ ತಳದಲ್ಲಿ ನೀರು ನಿಲ್ಲದಿರಲಿ. ಬೂತಾಯಿ, ಬಾಳೆಹಣ್ಣು ಬೇಡ. ಅಲುಗಾಡುವ ಹುಳು ಮಾತ್ರ ಅದರ ಕಣ್ಣಿಗೆ ಆಹಾರವಾಗಿ ಕಾಣುವುದು. ಮೈಯಷ್ಟೇ ಉದ್ದ ನಾಲಗೆ ಚಾಚಿ ಹಿಡಿಯುವ ಅದಕ್ಕೆ ತಟ್ಟೆಯಲ್ಲಿಟ್ಟ ಮೀನು ಕಲ್ಲಿಗೆ ಸಮ. ಚಿಕ್ಕ ಮಿಡತೆ, ಚಿಟ್ಟೆಹುಳು ಸಾಕು. ಆದರೆ ಎಲ್ಲಿಂದ ಹಿಡಿಯುತ್ತೀರಿ ಎಂದು ನೋಡಿಕೊಳ್ಳಿ. ಮಲೇರಿಯಾದ ಕಾರಣಕ್ಕೆ ಚರಂಡಿ, ಖಾಲಿ ಸೈಟುಗಳಲ್ಲಿ ಮದ್ದು ಹೊಡೆಯುವ ಊರಿದು, ಅಲ್ಲಿಯ ಹುಳುವಿನ ಮೈಯಲ್ಲಿ ಮದ್ದೂ ಇರುತ್ತದೆ. ಅದು ಇರುವ ಕೋಣೆಯಲ್ಲಿ ಸೊಳ್ಳೆಬತ್ತಿ, ಸೊಳ್ಳೆ ಲಿಕ್ವಿಡ್ ಎರಡೂ ಹಚ್ಚಬೇಡಿ. ಮಳೆ ಬಿಟ್ಟು ಎಳೆಬಿಸಿಲು ಬಂದರೆ ಬಾಲ್ಕನಿಯಲ್ಲಿ ಅರ್ಧ ಗಂಟೆ ಬುಟ್ಟಿಯನ್ನು ಇಡಿ, ಅರ್ಧಕ್ಕೆ ನೆರಳೂ ಇರಲಿ, ಕಾಗೆಗಳ ಕಾಟವಿದ್ದೇ ಇರುವುದರಿಂದ ಯಾರಾದರೂ ಪಕ್ಕದಲ್ಲೇ ಇರಿ.

ಬುಟ್ಟಿಗೆ ಸಾಗಿಸುವಾಗ ಕೈಯಲ್ಲಿ ಹಿಡಿಯಬೇಡಿ. ಕೂತಿರುವ ಗೆಲ್ಲನ್ನೇ ಪ್ರಾಣಿಯ ಸಮೇತ ಎತ್ತಿ ಇಟ್ಟರೆ ಕೆಲಸ ಮುಗಿಯಿತು. ಆಗದಿದ್ದರೆ ಇನ್ನೊಂದು ಕೋಲನ್ನು ಅದರ ಎದೆಯ ಮುಂದೆ, ಸ್ವಲ್ಪ ಎತ್ತರದಲ್ಲಿ ಹಿಡಿದು ಸುಮ್ಮನೆ ನಿಲ್ಲಿ. ಮೇಲಕ್ಕೆ ಹತ್ತುವುದು ಅದರ ಸ್ವಭಾವ, ತಾನಾಗಿ ಬರುತ್ತದೆ. ಐದು ನಿಮಿಷ ಹಿಡಿದರೂ ಕಾಯಿರಿ. ಓಡುವ ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನ ಬೆರಳುಗಳನ್ನು ಯಾರಾದರೂ ಬಿಡಿಸಲು ಬಂದರೆ ಅವನು ಹೇಗೆ ಕಿರುಚುತ್ತಾನೋ, ಗೆಲ್ಲಿನಿಂದ ಎಳೆದರೆ ಇದರದೂ ಅದೇ ಪಾಡು. ಎಳೆದರೆ ಉಗುರು ಕಿತ್ತುಬರಬಹುದು, ಮೆತ್ತಗಾದ ಮೂಳೆ ಮುರಿಯಬಹುದು. ಬಾಲ ಹಿಡಿದಂತೂ ಎತ್ತಲೇಬೇಡಿ. ಹಲ್ಲಿಯ ಬಾಲದಂತೆ ಅದು ಕಳಚಿ ಮತ್ತೆ ಬೆಳೆಯುವುದಿಲ್ಲ. ಗೋಸುಂಬೆಗೆ ಬಾಲ ಐದನೇ ಕೈ. ಅಕಸ್ಮಾತ್ ಮತ್ತೆ ಕಚ್ಚಿದರೆ ಬೆರಳನ್ನು ಕೊಡವಬೇಡಿ, ಎಳೆದುಕೊಳ್ಳಬೇಡಿ. ಅದರ ಕಾಲಿಗೆ ಒಂದು ಗೆಲ್ಲು ಸಿಗುವಂತೆ ಕೈ ತಗ್ಗಿಸಿ ನಿಲ್ಲಿ. ನಿಲ್ಲಲು ನೆಲೆ ಸಿಕ್ಕರೆ ಬಾಯಿ ಬಿಡುತ್ತದೆ.

ನನ್ನ ಮನಸ್ಸೆಲ್ಲ ನಿಮ್ಮ ಮಗನ ಕಡೆಗಿದೆ. ಅದಕ್ಕೆ ತಾನೆಂದರೆ ಆಗುವುದಿಲ್ಲ ಎಂದು ಅತ್ತ ಹುಡುಗ ಕ್ರೂರಿಯಲ್ಲ. ಅಪ್ಪ ದೂರ, ನಾಯಿ ಸಿಗಲಿಲ್ಲ, ತನ್ನದೇ ಎನ್ನಬಹುದಾದ ಒಂದು ಜೀವ ಬೇಕಾಗಿತ್ತು. ಅವನು ಶಾಲೆಗೆ ಹೋಗಿದ್ದಾಗ ಪ್ರಾಣಿಯನ್ನು ಸಾಗಿಸಿಬಿಡುವ ಕೆಲಸ ದಯವಿಟ್ಟು ಮಾಡಬೇಡಿ. ಸುಲಭದ ದಾರಿ ಅದೇ ಅನಿಸಬಹುದು; ಆದರೆ ಆಮೇಲೆ ಅವನು ನಿಮ್ಮಿಂದ ಎಲ್ಲವನ್ನೂ ಮುಚ್ಚಿಡಲು ಕಲಿಯುತ್ತಾನೆ. ಕೂರಿಸಿಕೊಂಡು, ಅದು ನಿನ್ನನ್ನು ದ್ವೇಷಿಸುತ್ತಿಲ್ಲ, ನೀನು ಯಾರೆಂದು ಅದಕ್ಕೆ ತಿಳಿಯುವುದಿಲ್ಲ, ಅದಕ್ಕೆ ಕಾಣುವುದು ದೊಡ್ಡದೊಂದು ಕೈ ಮಾತ್ರ ಎಂದು ಹೇಳಿ. ಈ ಅಂಕಣವನ್ನೇ ಓದಲು ಕೊಟ್ಟರೂ ಆಗುತ್ತದೆ. ಕಾಯ್ದೆಯ ಹೆದರಿಕೆಯನ್ನು ಮೊದಲು ಮುಂದಿಡಬೇಡಿ. ಪೊಲೀಸ್ ಬರುತ್ತಾರೆ ಎಂಬ ಕಾರಣಕ್ಕೆ ಬಿಟ್ಟುಕೊಟ್ಟ ಹುಡುಗ ಮುಂದೊಂದು ದಿನ ಪೊಲೀಸ್ ಬಾರದ ಕಡೆ ಇನ್ನೊಂದನ್ನು ಹಿಡಿದಾನು. ಬುಟ್ಟಿ ಸಿದ್ಧ ಮಾಡುವುದು, ನೀರು ಚಿಮುಕಿಸುವುದು, ಫೋನ್ ಮಾಡುವುದು, ಕಚೇರಿಯಲ್ಲಿ ಅಧಿಕಾರಿಗೆ ವಿವರ ಹೇಳುವುದು, ಎಲ್ಲದರಲ್ಲೂ ಅವನೇ ಮುಂದೆ ನಿಲ್ಲಲಿ. ಅಳು ಬಂದರೆ ಅಳಲಿ. ಅತ್ತೆಯವರು ಆ ಹೊತ್ತಿಗೆ 'ನಾನು ಮೊದಲೇ ಹೇಳಿದ್ದೆ' ಎನ್ನದಂತೆ ಮೊದಲೇ ಕೇಳಿಕೊಳ್ಳಿ.

ಆಸಕ್ತಿಯನ್ನು ಮಾತ್ರ ಆರಲು ಬಿಡಬೇಡಿ. ಹಿಡಿಯದೆ ನೋಡುವುದಕ್ಕೆ ನಮ್ಮ ಜಿಲ್ಲೆಯಷ್ಟು ಶ್ರೀಮಂತ ಜಾಗ ಕಡಿಮೆ. ಅಡಿಕೆ ತೋಟದ ಮರಗಳಲ್ಲಿ ಹಾರುವ ಓತಿ ಇದೆ. ಪಕ್ಕೆಲುಬಿನ ಚರ್ಮವನ್ನು ರೆಕ್ಕೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಪುತ್ತೂರು, ಬೆಳ್ತಂಗಡಿ ಕಡೆ ತೋಟವಿರುವ ನಂಟರಿದ್ದರೆ ಒಂದು ಬೆಳಿಗ್ಗೆ ಕಾದು ಕೂತು ನೋಡಲಿ. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಅದೇ ಓತಿಯನ್ನು ಹುಡುಕಿ ಹೊರಟವರ ಕಥೆ, ಅವನ ವಯಸ್ಸಿಗೆ ತಕ್ಕದ್ದು. ಮಳೆ ಕಡಿಮೆಯಾದ ಮೇಲೆ ಪಿಲಿಕುಳದ ಜೈವಿಕ ಉದ್ಯಾನಕ್ಕೆ ಕರೆದುಕೊಂಡು ಹೋಗಿ, ಅಲ್ಲಿಯ ಹಾವುಗಳ ಮನೆಯ ಮುಂದೆ ಅವನಿಗೆ ಬೇಕಾದಷ್ಟು ಹೊತ್ತು ನಿಲ್ಲಲು ಬಿಡಿ. ಕಂಡದ್ದನ್ನು ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸವಾದರೆ ಹಿಡಿಯುವ ಚಟ ತಾನಾಗಿ ಬಿಡುತ್ತದೆ.

ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಅಂಗಡಿಯಿಂದ ಕೊಂಡ ವಿದೇಶಿ ಗೋಸುಂಬೆ ಇರಬಹುದು. ತಲೆಯ ಮೇಲೆ ಎತ್ತರದ ಕಿರೀಟವಿರುವ, ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆಯೇ ಹೆಚ್ಚು. ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಇಟ್ಟುಕೊಂಡವರು ಪರಿವೇಷ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮಾರಿದವರು ಬಿಲ್ಲೇ ಕೊಡಲಿಲ್ಲ ಎಂದಾದರೆ ಅಲ್ಲೇ ಅನುಮಾನ ಪಡಿ, ಅರಣ್ಯ ಇಲಾಖೆಯನ್ನು ಕೇಳಿ. ಸಾಕಾಯಿತೆಂದು ತೋಟಕ್ಕೆ ಮಾತ್ರ ಬಿಡಬೇಡಿ. ಹವಾಯಿಯಲ್ಲಿ 1972ರಲ್ಲಿ ಸಾಕುಪ್ರಾಣಿ ಅಂಗಡಿಯವನೊಬ್ಬ ಪ್ರಯಾಣದಲ್ಲಿ ಬಳಲಿ ಬಂದ ಆಫ್ರಿಕಾದ ಜ್ಯಾ‌ಕ್ಸನ್ ಗೋಸುಂಬೆಗಳನ್ನು ಚೇತರಿಸಿಕೊಳ್ಳಲೆಂದು ಹಿತ್ತಿಲಿಗೆ ಬಿಟ್ಟ. ಅವು ಆ ದ್ವೀಪಗಳಲ್ಲಿ ಹಬ್ಬಿ, ಬೇರೆಲ್ಲೂ ಇಲ್ಲದ ಅಲ್ಲಿಯ ಹುಳುಗಳನ್ನೂ ಬಸವನಹುಳುಗಳನ್ನೂ ತಿನ್ನುತ್ತ ಇಂದಿಗೂ ಇವೆ.

ಕೊನೆಗೆ ಆ ನಾಯಿಯ ವಿಷಯ. ಫ್ಲ್ಯಾಟಿನ ಸಂಘ ಬಿಡುವುದಿಲ್ಲ ಎಂದು ನೀವು ಅಲ್ಲಿಗೇ ನಿಲ್ಲಿಸಿದ್ದೀರಿ. ನಿವಾಸಿಗಳ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಬಹುಮತದಿಂದ ಬೈಲಾ ತಿದ್ದಿಕೊಂಡರೂ ಆಗುವುದಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಚುಚ್ಚುಮದ್ದು ಹಾಕಿಸುವುದು, ಸ್ವಚ್ಛತೆ, ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವುದು ಸಾಕುವವರ ಹೊಣೆ. ನಾಯಿಯೆಂದರೆ ಹತ್ತು ಹನ್ನೆರಡು ವರ್ಷದ ಜವಾಬ್ದಾರಿ. ಮಗ ಹೈಸ್ಕೂಲು ದಾಟಿ ಕಾಲೇಜಿಗೆ ಹೊರಟ ಮೇಲೂ ಅದನ್ನು ಬೆಳಿಗ್ಗೆ ಹೊರಗೆ ಕರೆದೊಯ್ಯಬೇಕಾದವರು ನೀವೇ ಆಗಬಹುದು. ಆದ್ದರಿಂದ ಹಟಕ್ಕೆ ಮಣಿದು ನಾಳೆಯೇ ತರಬೇಡಿ. ಮಸ್ಕತ್‌ನಿಂದ ನಿಮ್ಮ ಗಂಡ ಮುಂದಿನ ಸಲ ರಜೆಗೆ ಬಂದಾಗ ಮೂವರೂ ಕೂತು ಮಾತಾಡಿ. ಆಗಲಿ ಎಂದು ನಿರ್ಧಾರವಾದರೆ, ಆ ಮಾರ್ಗಸೂಚಿಯ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸಂಘದ ಸಭೆಗೆ ಹೋಗಿ.